ಪಿಯಾನೋ ಪಕ್ಕದ ಕುರ್ಚಿ

ಮೇಲಿನ ಮನೆಯವರು ತೀರಿಕೊಂಡ ಸುದ್ದಿ ನಮಗೆ ರೇಡಿಯೋದಿಂದ ತಿಳಿಯಿತು. ಸ್ಟುಟ್‌ಗಾರ್ಟಿನಲ್ಲಿ ಇದೇನೂ ವಿಶೇಷವಲ್ಲ. ಇಲ್ಲಿ ಒಂದು ಮಹಡಿಯ ಸಮಾಚಾರ ಇನ್ನೊಂದು ಮಹಡಿಗೆ ಮೆಟ್ಟಿಲಿಳಿದು ಬರುವ ಪದ್ಧತಿಯಿಲ್ಲ. ಊರೆಲ್ಲ ಸುತ್ತಿ, ಸಂಬಂಧಪಟ್ಟವರ ಮೂಲಕ, ಅಧಿಕೃತವಾಗಿಯೇ ಬರಬೇಕು. ಅವರನ್ನು ವೃದ್ಧರ ಆರೈಕೆಯ ಮನೆಗೆ ಸೇರಿಸಿದ್ದು ಗೊತ್ತಿತ್ತು. ಹೋಗಿ ನೋಡಿಕೊಂಡೂ ಬಂದಿದ್ದೆವು. ಆದರೂ ಬೆಳಗಿನ ಕಾಫಿ ಹೊತ್ತಿಗೆ ರೇಡಿಯೋದ ಹೆಂಗಸು ಅವರ ಹೆಸರು ಹೇಳಿ, ‘ಯುರೋಪಿನ ಫ್ರೀ ಜಾಝ್ ಪಿಯಾನೋದ ಮೂಲಪುರುಷರಲ್ಲಿ ಒಬ್ಬರು’ ಎಂದಾಗ ನನ್ನ ಹೆಂಡತಿ ಸುಮಿತ್ರಾ ಲೋಟ ಕೆಳಗಿಟ್ಟಳು.

ರೇಡಿಯೋದಲ್ಲಿ ಒಬ್ಬ ವಿಮರ್ಶಕರನ್ನೂ ಕರೆಸಿದ್ದರು. ಅವರು ಬಹಳ ಗಂಭೀರವಾದ ಗಂಟಲಿನಲ್ಲಿ, ದಿವಂಗತರು ತಮ್ಮ ಪ್ರತಿಯೊಂದು ಕಛೇರಿಯಲ್ಲೂ ಪಿಯಾನೋ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇಡಿಸುತ್ತಿದ್ದುದನ್ನು ನೆನೆದರು. ಆ ಕುರ್ಚಿ ಯುದ್ಧದಿಂದ ಮರಳದವರ ಸ್ಥಾನವಂತೆ. ಭಾಷೆ ಸೋತಲ್ಲಿ ಉಳಿಯುವ ಶೂನ್ಯವಂತೆ. ಕೇಳುಗನ ಅನುಪಸ್ಥಿತಿಯೂ ಹೌದಂತೆ.

“ಅಲ್ಲಾ ರೀ, ಕುರ್ಚಿ ವಿಷಯ ಇವರಿಗೆ ಗೊತ್ತೇ ಇಲ್ಲವಾ?” ಎಂದಳು ಸುಮಿತ್ರಾ.

“ಗೊತ್ತಿದ್ದವರಲ್ಲಿ ಒಬ್ಬರು ಈಗ ತೀರಿಕೊಂಡರು. ಉಳಿದವರು ಇಲ್ಲಿ ಕಾಫಿ ಕುಡಿಯುತ್ತಿದ್ದೇವೆ” ಎಂದೆ.

ಕುರ್ಚಿಯ ವಿಷಯಕ್ಕೆ ಬರುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ಸಾಕ್ಷಿ ಹೇಳುವವನು ಎಂಥವನು ಎಂದು ಓದುಗರಿಗೆ ತಿಳಿದಿರುವುದು ನ್ಯಾಯ. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಶಬ್ದ ಹಿಡಿಯುವ ಇಂಜಿನಿಯರು. ಹೊಸ ಕಾರು ಗುಂಡಿ ಹತ್ತಿಳಿದಾಗ ಮುಂದಿನ ಫಲಕದ ಒಳಗೆಲ್ಲೋ ಕಿರ್ ಎನ್ನುತ್ತದಲ್ಲ, ಅದು ಯಾರು ಎಂದು ಪತ್ತೆಮಾಡುವುದು, ಪತ್ತೆಯಾದ ಮೇಲೆ ಅದರ ಬಾಯಿ ಮುಚ್ಚಿಸುವುದು ನನ್ನ ಉದ್ಯೋಗ. ಪೊಲೀಸರ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವಿಚಾರಿಸಿದರೆ ಎಲ್ಲ ಸ್ಕ್ರೂಗಳೂ ತಾವು ನಿರಪರಾಧಿಗಳು ಎಂದೇ ಹೇಳುತ್ತವೆ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಯಾರ ಮೇಲೂ ಪೂರ್ತಿ ನಂಬಿಕೆ ಉಳಿದಿರುವುದಿಲ್ಲ. ಇನ್ನು ಸಂಗೀತದಲ್ಲಿ ನಾನು ಮೈಸೂರಿನವನು. ತಾಯಿಯ ಪಕ್ಕ ಕೂತು ರಾಮೋತ್ಸವದ ಚಪ್ಪರದಲ್ಲಿ ತೊಡೆಯ ಮೇಲೆ ತಾಳ ಹಾಕಿ ಬೆಳೆದವನು. ಸಮಕ್ಕೆ ಬಂದು ಸೇರದ ಹಾಡುಗಾರನನ್ನು ನಮ್ಮಲ್ಲಿ ಊಟಕ್ಕೆ ಕರೆಯುತ್ತಿರಲಿಲ್ಲ.

ಇಂಥವನ ತಲೆಯ ಮೇಲೆ, ಅಕ್ಷರಶಃ ತಲೆಯ ಮೇಲೆ, ಫ್ರೀ ಜಾಝ್ ಪಿಯಾನೋದ ಮೂಲಪುರುಷರು ವಾಸವಾಗಿದ್ದರು.

ಈ ಮನೆಗೆ ಬಂದ ಮೊದಲ ವಾರವೇ ಮೇಲಿಂದ ಆ ಶಬ್ದ ಕೇಳಿತು. ಯಾರೋ ಪಿಯಾನೋವನ್ನು ಮೆಟ್ಟಿಲ ಮೇಲಿಂದ ಇಳಿಸುತ್ತಿದ್ದಾರೆ, ಅರ್ಧದಲ್ಲಿ ಕೈಜಾರಿದೆ ಎಂದುಕೊಂಡು ಸಹಾಯಕ್ಕೆ ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆಗಿನ್ನೂ ಶಾಲೆಯಲ್ಲಿದ್ದ ನನ್ನ ಮಗಳು ಫೋನಿನಲ್ಲಿ ಅವರ ಹೆಸರು ಹುಡುಕಿ, ಜರ್ಮನ್‌ನಲ್ಲಿ ನನಗೆ ಪಾಠ ಮಾಡಿದಳು. ಇದು ದೊಡ್ಡ ಸಂಗೀತ. ಇದರಲ್ಲಿ ಮೊದಲೇ ಗೊತ್ತುಮಾಡಿದ ರಾಗವಿಲ್ಲ, ತಾಳವಿಲ್ಲ, ಹಾಡೂ ಇಲ್ಲ. ಆ ಕ್ಷಣಕ್ಕೆ ಏನು ಬರುತ್ತದೋ ಅದು. ಇವರು ತಮ್ಮ ಯೌವನದಲ್ಲಿ ಮುಷ್ಟಿಯಿಂದ, ಮೊಣಕೈಯಿಂದ ಬಾರಿಸಿ ಯುರೋಪನ್ನೇ ಬೆಚ್ಚಿಬೀಳಿಸಿದವರು. ಇವರು ಒಬ್ಬರೇ ಬಾರಿಸಿದ ಮೊದಲ ರೆಕಾರ್ಡು, ರೈಲ್ವೆ ಕೆಲಸಗಾರರ ಸಭಾಂಗಣದಲ್ಲಿ ಮುದ್ರಿಸಿದ್ದು, ಹಳೆಯ ರೆಕಾರ್ಡು ಕೂಡಿಸುವವರ ಪಾಲಿಗೆ ದೇವರ ಪಟವಿದ್ದಂತೆ. ಆಮೇಲೆ ಎಷ್ಟೋ ರೆಕಾರ್ಡುಗಳು ಬಂದಿವೆ. ವಾರ್ಸಾದಲ್ಲಿ ಡ್ರಮ್ಮಿನವನ ಜೊತೆ, ಟೋಕಿಯೋದಲ್ಲಿ ಒಬ್ಬರೇ. ಒಂದರಲ್ಲಂತೂ ಪಿಯಾನೋ ಮುಚ್ಚಳ ತೆರೆದು ಒಳಗಿನ ತಂತಿಗಳನ್ನು ಬರಿಗೈಲಿ ಎಳೆದಿದ್ದಾರೆ.

“ಹಾಗಾದರೆ ತಪ್ಪು ಬಾರಿಸಿದರೆ ಹೇಗೆ ಗೊತ್ತಾಗುತ್ತೆ?” ಎಂದೆ.

“ಪಪ್ಪಾ!” ಎಂದಳು ಮಗಳು. ಜರ್ಮನ್ ಮಕ್ಕಳು ವಾದವನ್ನು ಹೀಗೆ ಮುಗಿಸುತ್ತಾರೆ.

ನನ್ನ ಸಂಶಯ ಬೆಳೆಯಲು ಕಾರಣಗಳಿದ್ದವು. ಸಂಗೀತದ ಕಟ್ಟುಪಾಡುಗಳನ್ನೆಲ್ಲ ಒಡೆದುಹಾಕಿದ ಆ ಮಹಾನುಭಾವರು ಕಟ್ಟಡದ ನಿಯಮದಂತೆ ಮಧ್ಯಾಹ್ನ ಸದ್ದು ಮಾಡಬಾರದ ಹೊತ್ತಿನಲ್ಲಿ ಒಂದು ಸಲವೂ ಪಿಯಾನೋ ಮುಟ್ಟಿದವರಲ್ಲ. ಕೇರ್‌ವೋಖೆ, ಅಂದರೆ ಮೆಟ್ಟಿಲು ಗುಡಿಸಿ ಒರೆಸುವ ಸರದಿ, ಅವರ ಬಾಗಿಲಿಗೆ ಬಂದರೆ ಆ ವಾರ ನಮ್ಮ ಕಟ್ಟಡದ ಕೈಹಿಡಿ ಕೂಡ ಹೊಳೆಯುತ್ತಿತ್ತು. ಮೊಸರಿನ ಡಬ್ಬಿಯನ್ನು ತೊಳೆದು ಒರೆಸಿ ಹಳದಿ ಕಸದ ಚೀಲಕ್ಕೆ ಹಾಕುತ್ತಿದ್ದರು. ಕ್ರಾಂತಿಕಾರಿಗಳ ಬಗ್ಗೆ ನಾನು ಓದಿದ್ದು ಬೇರೆ ಥರ ಇತ್ತು.

ಇದಕ್ಕಿಂತ ಅನುಮಾನಾಸ್ಪದವಾದ ಸಂಗತಿಯೆಂದರೆ, ಅವರು ಮಕ್ಕಳಿಗೆ ಪಿಯಾನೋ ಪಾಠ ಹೇಳುತ್ತಿದ್ದರು. ಸಂಜೆ ಮೇಲಿಂದ ಸರಳೆವರಸೆಯ ಜರ್ಮನ್ ಅವತಾರ ಕೇಳಿಸುತ್ತಿತ್ತು. ಒಂದು ಸ್ವರ ತಪ್ಪಿದರೆ ಸಾಕು, “ಮತ್ತೆ! ಮೊದಲಿಂದ!” ಎಂದು ಗುಡುಗುತ್ತಿದ್ದರು. ಮಗು ಹೋದ ಮೇಲೆ ತಾವು ಕೂತು ಮೊಣಕೈಯಿಂದ ಬಾರಿಸುತ್ತಿದ್ದರು. ಇದು ಯಾವ ನ್ಯಾಯ?

ಒಂದು ಶನಿವಾರ ಅವರು ಮೆಟ್ಟಿಲು ಒರೆಸುತ್ತಿದ್ದಾಗ ನೇರವಾಗಿ ಕೇಳಿಯೇಬಿಟ್ಟೆ. ಅವರ ಜರ್ಮನ್ ಗಟ್ಟಿ ಸ್ವಾಬಿಯನ್ ಹಳ್ಳಿಯದು. ನನ್ನದು ಆಫೀಸಿನದು. ಇಲ್ಲಿ ಎರಡನ್ನೂ ನಮ್ಮ ಮೈಸೂರಿನ ಮಾತಿಗೆ ತಂದಿದ್ದೇನೆ. ಮೂಲದಲ್ಲಿ ಅವರ ಮಾತು ಇನ್ನೂ ಒರಟಾಗಿತ್ತು, ನನ್ನ ಮಾತಿನಲ್ಲಿ ವ್ಯಾಕರಣ ಇನ್ನೂ ಕಡಿಮೆಯಿತ್ತು.

“ನಿನ್ನೆ ಸಂಜೆ ಬಾರಿಸಿದಿರಲ್ಲ, ಅದನ್ನೇ ಇವತ್ತು ಇನ್ನೊಂದು ಸಲ ಬಾರಿಸಬಲ್ಲಿರಾ?”

ಅವರು ಒರೆಸುವ ಬಟ್ಟೆ ಹಿಂಡಿದರು. “ನಿನ್ನೆ ಇಡೀ ದಿನ ನೀವು ಆಡಿದ ಮಾತನ್ನು ಇವತ್ತು ಹಾಗೇ ಆಡಬಲ್ಲಿರಾ, ಹೆರ್ ಇಂಜಿನಿಯರ್?”

“ಆಫೀಸಿನಲ್ಲಿ ನಾವು ಮಾಡುವುದೇ ಅದು” ಎಂದೆ.

ಅವರು ನಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿ, “ನೀವು ಶಬ್ದದ ಬಗ್ಗೆ ಮನೆಯ ಮಾಲೀಕರಿಗೆ ದೂರು ಕೊಡುವ ಜಾತಿಯೋ?” ಎಂದರು. ಸಂಶಯದಲ್ಲಿ ಅವರು ನನಗೇನೂ ಕಡಿಮೆಯಿರಲಿಲ್ಲ ಎಂದು ಆಗ ತಿಳಿಯಿತು. ಧ್ವನಿಮುದ್ರಣದವರು, ಹೋಟೆಲಿನ ಪಿಯಾನೋ, ಸರ್ಕಾರದ ಸನ್ಮಾನ ಎಲ್ಲವೂ ಅವರ ಕಣ್ಣಿಗೆ ಆರೋಪಿಗಳೇ. ಚಪ್ಪಾಳೆಯನ್ನಂತೂ ಅವರು ನಂಬುತ್ತಲೇ ಇರಲಿಲ್ಲ. “ಚಪ್ಪಾಳೆ ಹೊಡೆಯುವವರು ಮುಗಿಯಿತಲ್ಲ ಎಂಬ ಖುಷಿಗೆ ಹೊಡೆಯುತ್ತಾರೆ” ಎನ್ನುತ್ತಿದ್ದರು.

ಸುಮಿತ್ರಾಳ ಮೇಲೂ ಒಮ್ಮೆ ಗುಮಾನಿ ಬಂತು. ಒಂದು ಭಾನುವಾರ ಬಾಗಿಲು ತಟ್ಟಿ, ನಿಮ್ಮ ಅಡುಗೆಮನೆಯಲ್ಲಿ ಇಷ್ಟು ಹೊತ್ತಿಗೆ ದಿನವೂ ಸಿಡಿಯುವುದು ಏನು ಎಂದು ಕೇಳಿದರು. ಅವಳು ಒಳಗೆ ಕರೆದು ಒಗ್ಗರಣೆ ತೋರಿಸಿದಳು. ಸಾಸಿವೆ ಚಟಪಟ ಎಂದು ನಿಂತಿತು. ಅವರು ತಲೆ ಬಗ್ಗಿಸಿ ಕೇಳಿದರು.

“ಇನ್ನೊಂದು ಸಲ.”

“ಒಂದು ಸಾರಿಗೆ ಒಂದೇ ಒಗ್ಗರಣೆ, ಅವರಿಗೆ ಹೇಳಿ” ಎಂದಳು ಸುಮಿತ್ರಾ ನನ್ನ ಕಡೆ ತಿರುಗಿ. ನಾನು ಅನುವಾದಿಸಿದೆ. ಅವರು ಗಂಭೀರವಾಗಿ ತಲೆದೂಗಿ, “ಸರಿ. ಎರಡನೆಯ ಸಲ ಅದು ಸುಳ್ಳಾಗುತ್ತದೆ” ಎಂದು ಮೇಲೆ ಹೋದರು. ಸಾರು ರುಚಿ ನೋಡಿ ಹೋಗಿ ಎಂದದ್ದು ಅವರ ಕಿವಿಗೆ ಬೀಳಲಿಲ್ಲ.

ಇದಾಗಿ ಕೆಲವು ವಾರಕ್ಕೆ ನಮ್ಮ ಅಂಚೆಪೆಟ್ಟಿಗೆಯಲ್ಲಿ ಅವರ ಕಛೇರಿಯ ಟಿಕೆಟ್ಟುಗಳು ಬಿದ್ದಿದ್ದವು. ಹಳೆಯ ಟ್ರಾಮ್ ಡಿಪೋ ಒಂದನ್ನು ಸಭಾಂಗಣ ಮಾಡಿದ್ದರು, ಅಲ್ಲಿ. ಸಂಸಾರ ಸಮೇತ ಹೊರಟೆವು. ನಮ್ಮ ಸ್ಟಾಡ್ಟ್‌ಬಾನ್ ರೈಲು ಸುರಂಗದಲ್ಲಿ ನಿಂತು ಯೋಚನೆಗೆ ಬಿದ್ದಿತು. ತಲುಪುವ ಹೊತ್ತಿಗೆ ಪಿಯಾನೋ ಶುರುವಾಗಿತ್ತು, ಸಭಾಂಗಣ ತುಂಬಿತ್ತು. ಬಾಗಿಲ ಹುಡುಗಿ ಗೋಡೆಗೆ ಒರಗಿ ನಿಲ್ಲಿ ಎಂದು ಸನ್ನೆ ಮಾಡಿದಳು. ಸುಮಿತ್ರಾ, ಮಗಳು ನಿಂತರು. ನನಗೆ ಸೊಂಟ ನೋವು. ಸುತ್ತ ನೋಡಿದೆ. ಇಡೀ ಸಭಾಂಗಣದಲ್ಲಿ ಒಂದೇ ಒಂದು ಕುರ್ಚಿ ಖಾಲಿ ಇತ್ತು. ವೇದಿಕೆಯ ಮೇಲೆ, ಪಿಯಾನೋದ ಪಕ್ಕಕ್ಕೆ, ಕಬ್ಬಿಣದ ಕಾಲಿನ ಹಳೆಯ ಮರದ ಮಡಚು ಕುರ್ಚಿ.

ನಮ್ಮ ಕಡೆ ಸಭೆ ತುಂಬಿದರೆ ಏನು ಮಾಡುತ್ತಾರೆ? ವೇದಿಕೆಯ ಮೇಲೆ ಜಮಖಾನ ಹಾಸಿ ವಿದ್ವಾಂಸರ ಸುತ್ತ ಕೂರಿಸುತ್ತಾರೆ. ತಂಬೂರಿಯವರ ಹಿಂದೆ, ಮೃದಂಗದವರ ಮಂಡಿಗೆ ಮಂಡಿ ತಾಗುವಂತೆ ಕೂತು ಕೇಳಿದ್ದೇನೆ. ಯಾವ ವಿದ್ವಾಂಸರೂ ಬೇಡ ಎಂದದ್ದಿಲ್ಲ. ಅಷ್ಟು ಹತ್ತಿರ ಕೂತು ಒಬ್ಬ ತಲೆದೂಗಿದರೆ ಅವರಿಗೇ ಹುಮ್ಮಸ್ಸು. ಇಲ್ಲೂ ಪುಣ್ಯಾತ್ಮರು ತಡವಾಗಿ ಬರುವ ರಸಿಕರಿಗೆಂದು ಕುರ್ಚಿ ಹಾಕಿಸಿದ್ದಾರೆ ಎಂದುಕೊಂಡೆ. ಪಕ್ಕದಿಂದ ಹತ್ತಿದೆ, ಸಭೆಗೊಂದು ನಮಸ್ಕಾರ ಹಾಕಿದೆ, ಕೂತೆ.

ಕುರ್ಚಿ ಕಿರ್ರ್ ಎಂದಿತು. ಇಡೀ ಸಭಾಂಗಣ ಒಟ್ಟಿಗೆ ಉಸಿರೆಳೆದುಕೊಂಡಿತು.

ಅದು ನನಗಾಗಿ ಎಂದು ಆಗ ಹೊಳೆಯಲಿಲ್ಲ. ಯಾವುದೋ ಒಳ್ಳೆಯ ಸಂಗತಿ ಬಿದ್ದಿರಬೇಕೆಂದು ನಾನೂ “ಭಲೆ” ಎಂದೆ. ಪಿಯಾನೋದವರು ತಲೆಯೆತ್ತಿದರು. ಅವರ ಮುಖದ ಬಣ್ಣ ಇಳಿದಿತ್ತು. ಅವರು ನೋಡಿದ್ದು ನನ್ನನ್ನಲ್ಲ, ಕುರ್ಚಿಯನ್ನು. ಅಷ್ಟರಲ್ಲಿ ವ್ಯವಸ್ಥಾಪಕರೊಬ್ಬರು ಬೆನ್ನು ಬಗ್ಗಿಸಿ, ಯುದ್ಧಭೂಮಿಯಲ್ಲಿ ಗಾಯಾಳುವನ್ನು ಎಳೆಯಲು ಬರುವವರಂತೆ ನನ್ನತ್ತ ಬಂದರು. ಪಿಯಾನೋದವರು ಬಲಗೈಯಲ್ಲಿ ಬಾರಿಸುತ್ತಲೇ ಎಡಗೈ ಎತ್ತಿ ಅವರನ್ನು ತಡೆದರು.

ನಾನು ರೂಢಿಯಂತೆ ತೊಡೆಯ ಮೇಲೆ ತಾಳಕ್ಕೆ ಕೈಯಿಟ್ಟೆ. ಆದಿತಾಳ ಹಾಕಿದೆ, ಬಂದು ಸೇರಲಿಲ್ಲ. ರೂಪಕ ಹಾಕಿದೆ, ಅದಕ್ಕೂ ಬರಲಿಲ್ಲ. ಮಿಶ್ರಚಾಪು ಪ್ರಯತ್ನಿಸಿದೆ. ಕೊನೆಗೆ ಕೈ ತಾನೇ ಸೋತು ಮಂಡಿಯ ಮೇಲೆ ಮಲಗಿತು. ಆಮೇಲೆ ಮಾತ್ರ, ಅದು ಮಲಗಿದ ಮೇಲೆ, ಒಂದೆರಡು ಕಡೆ ಮೈ ಜುಮ್ಮೆಂದಿತು. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ.

ಮುಗಿಯುವವರೆಗೂ ಕೂತಿದ್ದೆ. ಹೊರಗೆ ಬಂದಾಗ ಮಗಳು ಜರ್ಮನ್‌ನಲ್ಲೇ ಅತ್ತಳು. ಎರಡು ದಿನದ ನಂತರ ಪತ್ರಿಕೆಯಲ್ಲಿ ವಿಮರ್ಶೆ ಬಂತು. ‘ಪೂರ್ವದ ಒಬ್ಬ ಮೌನಿ ಶೂನ್ಯದ ಆಸನವನ್ನು ಏರಿದ್ದು, ಕೇಳಿಸದ ಲಯವೊಂದನ್ನು ಸಂಗೀತದ ವಿರುದ್ಧ ನಿಲ್ಲಿಸಿದ್ದು’ ಸಂಜೆಯ ಅತ್ಯಂತ ಧೀರ ಕ್ಷಣ ಎಂದು ಬರೆದಿದ್ದರು. ಸುಮಿತ್ರಾ ಆ ತುಣುಕನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. “ಪೂರ್ವದ ಮೌನಿಗಳೇ, ಕಸ ಕೆಳಗಿಟ್ಟು ಬನ್ನಿ” ಎಂದು ಎಷ್ಟೋ ದಿನ ಕರೆದಳು.

ಪಿಯಾನೋದವರು ಕಛೇರಿಯ ಮರುದಿನವೇ ಕೆಳಗೆ ಬಂದಿದ್ದರು. ಒಳಗೆ ಬರಲಿಲ್ಲ, ಹೊಸಿಲಲ್ಲೇ ನಿಂತರು.

“ನಿಮ್ಮನ್ನು ಯಾರು ಕಳಿಸಿದ್ದು?”

“ಯಾರೂ ಇಲ್ಲ. ಸೊಂಟ ನೋವಿತ್ತು.” ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ.

ಅವರು ನಂಬದ ಮುಖ ಮಾಡಿಕೊಂಡೇ ಕೇಳಿದರು. ಆಮೇಲೆ, “ಹಾಗೆ ಹತ್ತಿರ ಕೂತವನು ಹಿಡಿಸದೆ ಹೋದರೆ ಮಧ್ಯದಲ್ಲಿ ಎದ್ದು ಹೋಗಬಹುದೋ?” ಎಂದರು.

“ಛೆ, ಛೆ. ಕೆಳಗೆ ಕೂತವರು ಎದ್ದು ಕ್ಯಾಂಟೀನಿಗೆ ಹೋಗಬಹುದು. ಮೇಲೆ ಕೂತವನು ಏಳುವ ಹಾಗಿಲ್ಲ. ಅದು ಮುಖಕ್ಕೆ ಹೊಡೆದ ಹಾಗೆ.”

“ಮುಖಕ್ಕೆ ಹೊಡೆದ ಹಾಗೆ” ಎಂದು ಅವರು ಮೆಲ್ಲಗೆ ಹೇಳಿಕೊಂಡು ಹೊರಟುಹೋದರು.

ನನ್ನ ಗುಮಾನಿ ಈಗ ಕುರ್ಚಿಯ ಕಡೆ ತಿರುಗಿತು. ಖಾಲಿ ಕುರ್ಚಿ ಎಂಬುದು ನೋಡುವವರಿಗೆ ಹಾಕಿದ ವೇಷ, ಪತ್ರಿಕೆಯವರಿಗೆ ಎಸೆದ ಬಿಸ್ಕತ್ತು ಎಂದೇ ತೀರ್ಮಾನಿಸಿದೆ. ಆದರೆ ಬಿಸ್ಕತ್ತು ಎಸೆಯುವವರ ಮುಖ ಹಾಗೆ ಬಿಳಿಚಿಕೊಳ್ಳುವುದಿಲ್ಲವಲ್ಲ ಎಂಬುದೊಂದು ಮುಳ್ಳು ಒಳಗೆ ಉಳಿಯಿತು.

ಮುಂದಿನ ಚಳಿಗಾಲದಲ್ಲಿ ಒಂದು ಶನಿವಾರ ಅವರು ಮತ್ತೆ ಬಂದರು. ಕೈಯಲ್ಲಿ ಅದೇ ಕುರ್ಚಿ, ಕೋಟಿನ ಜೇಬಿನಲ್ಲಿ ಒಂದು ಪುಟ್ಟ ಮೆಮೊರಿ ಸ್ಟಿಕ್. ಈ ಸಲ ಒಳಗೆ ಬಂದು, ಕರೆಯದೆಯೇ ಸೋಫಾದಲ್ಲಿ ಕೂತರು.

“ನೀವು ಶಬ್ದದ ಡಾಕ್ಟರ್ ಅಲ್ಲವೇ? ಒಂದು ಕಾಯಿಲೆ ತಂದಿದ್ದೇನೆ.”

ವಿಷಯ ಇಷ್ಟು. ಅವರ ಆ ಮೊದಲ ರೆಕಾರ್ಡನ್ನು ಕಂಪನಿಯೊಂದು ಮತ್ತೆ ಹೊರತರುತ್ತಿತ್ತು. ಹಳೆಯ ಟೇಪಿನಲ್ಲಿ ಪಿಯಾನೋದ ಜೊತೆಗೆ ಯಾವುದೋ ಕಿರಕಿರ ಶಬ್ದವಿದೆ. ಕಂಪನಿಯವರು ಕಂಪ್ಯೂಟರಿನಲ್ಲಿ ಅದನ್ನು ಪೂರ್ತಿ ಒರೆಸಿ, ಎರಡೂ ಪ್ರತಿಗಳನ್ನು ಕಳಿಸಿದ್ದರು. ಒಪ್ಪಿಗೆಯೋ ಇಲ್ಲವೋ ಸೋಮವಾರ ತಿಳಿಸಬೇಕು.

“ಶಬ್ದ ಹೋದರೆ ಒಳ್ಳೆಯದೇ ಅಲ್ಲವೇ?” ಎಂದೆ. ಇದು ನನ್ನ ಅನ್ನದ ಮಾತು.

“ಅದು ಶಬ್ದವಲ್ಲ. ನನ್ನ ಅಪ್ಪ.”

ಸುಮಿತ್ರಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅವಳಿಗೆ ಜರ್ಮನ್ ಅಷ್ಟಕ್ಕಷ್ಟೆ. ಆದರೆ ಯಾವ ಭಾಷೆಯಲ್ಲಾದರೂ ಇಂಥ ಮಾತು ಅವಳಿಗೆ ಗೋಡೆಯಾಚೆಯಿಂದ ಕೇಳಿಸುತ್ತದೆ.

ಅವರ ತಂದೆ ಪಿಯಾನೋ ಶ್ರುತಿ ಮಾಡುವ ಕಸುಬಿನವರು. ಊರೂರು ತಿರುಗಿ ತಂತಿ ಬಿಗಿಯುತ್ತಿದ್ದರು. ಮಗ ಮುಷ್ಟಿಯಿಂದ ಬಾರಿಸುತ್ತಾನೆಂದು ತಿಳಿದ ಮೇಲೆ ಮಾತು ಬಿಟ್ಟಿದ್ದರು. ಆ ರೈಲ್ವೆ ಸಭಾಂಗಣದ ಪಿಯಾನೋ ಕೂಡ ಅವರದೇ ಗಿರಾಕಿ. ಮುದ್ರಣದ ದಿನ ಬೆಳಿಗ್ಗೆ ಬಂದು ಶ್ರುತಿ ಮಾಡಿದರು. ಸಂಜೆ ಕೆಲಸದ ಚೀಲ ಕಾಲ ಬಳಿ ಇಟ್ಟುಕೊಂಡು ಪಿಯಾನೋ ಪಕ್ಕದಲ್ಲೇ ಮಡಚು ಕುರ್ಚಿಯಲ್ಲಿ ಕೂತರು. ತಂತಿ ಕಡಿದರೆ ಕೈಗೆ ಸಿಗಬೇಕೆಂದು ಶ್ರುತಿಯವರನ್ನು ಹಾಗೆ ಕೂರಿಸುವುದು ವಾಡಿಕೆಯಂತೆ. ಮಗ ಕಣ್ಣು ಮುಚ್ಚಿ ಬಾರಿಸಿದ. ಮುಗಿಸಿ ಕಣ್ಣು ತೆರೆದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಕುರ್ಚಿ ಖಾಲಿ ಇತ್ತು.

“ಕೇಳಲಿಲ್ಲವೇ, ಯಾವಾಗ ಹೋದಿರಿ ಅಂತ?”

“ನಾವು ಹಾಗೆಲ್ಲ ಕೇಳುವ ಮನೆಯವರಲ್ಲ. ಅವನೂ ಹೇಳಲಿಲ್ಲ. ಆಮೇಲೆ ಸತ್ತ.” ಅವರು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. “ರೆಕಾರ್ಡು ಬಂದಾಗ ಹಾಕಿ ಕೇಳಿದೆ. ಅವನ ಕುರ್ಚಿ ಕಿರ್ ಎನ್ನುವುದು ಕೇಳುತ್ತಿತ್ತು. ಮೈಕಿಗೆ ಅಷ್ಟು ಹತ್ತಿರ ಕೂತಿದ್ದವನು ಅವನೊಬ್ಬನೇ. ಮಧ್ಯದಲ್ಲಿ ಆ ಶಬ್ದ ನಿಂತುಹೋಯಿತು. ಅಲ್ಲೇ ಮುಳ್ಳು ಎತ್ತಿಟ್ಟೆ. ಮತ್ತೆ ಎಂದೂ ಕೇಳಿಲ್ಲ.”

ಯುರೋಪಿನ ಫ್ರೀ ಜಾಝಿಗೆ ಅಡಿಪಾಯ ಹಾಕಿದ ರೆಕಾರ್ಡು. ಬಾರಿಸಿದವರೇ ಅದನ್ನು ಪೂರ್ತಿ ಕೇಳಿರಲಿಲ್ಲ.

“ಶಬ್ದ ತೆಗೆದುಹಾಕಿದರೆ ಅಪ್ಪ ಬಂದೇ ಇರಲಿಲ್ಲ ಎಂದಾಗುತ್ತದೆ. ಬಿಟ್ಟರೆ ಎದ್ದು ಹೋದ ಎಂದಾಗುತ್ತದೆ. ಯಾವುದು ವಾಸಿ, ನೀವೇ ಹೇಳಿ.”

ಆ ರೈಲ್ವೆ ಸಭಾಂಗಣವನ್ನು ಕೆಡವುವಾಗ ಅಲ್ಲಿನ ಕುರ್ಚಿಗಳಲ್ಲಿ ಒಂದನ್ನು ಅವರು ತಂದಿಟ್ಟುಕೊಂಡಿದ್ದರು. ಅದೇ ಕುರ್ಚಿಯೋ ಅದರ ತಮ್ಮನೋ ಅವರಿಗೂ ಗೊತ್ತಿಲ್ಲ. ಅಂದಿನಿಂದ ಪ್ರತಿ ಕಛೇರಿಯಲ್ಲೂ ಅದನ್ನು ಪಕ್ಕದಲ್ಲಿ ಹಾಕಿಸಿದ್ದರು. ಅಂದು ನಾನು ಹೋಗಿ ಕೂತಾಗ ಅದು ಕಿರ್ ಎಂದದ್ದು ಅವರಿಗೆ ಯಾಕೆ ಹಾಗೆ ಬಡಿಯಿತು ಎಂದು ಈಗ ತಿಳಿಯಿತು.

ಅವರು ಕೇಳಲು ಒಪ್ಪಲಿಲ್ಲ. ನಾನು ಹೆಡ್‌ಫೋನು ಹಾಕಿಕೊಂಡು ಊಟದ ಮೇಜಿಗೆ ಕೂತೆ. ಮೂಲ ಟೇಪನ್ನು ಕೇಳಿದೆ. ಹೌದು, ಪಿಯಾನೋದ ಹೊಡೆತಗಳ ನಡುವೆ ಒಂದು ಕುರ್ಚಿ ಇತ್ತು. ಒಣ ಮರ, ಕಬ್ಬಿಣದ ಕೀಲು, ಭಾರ ಸರಿದಾಗ ತಡೆದು ತಡೆದು ಜಾರುವ ಶಬ್ದ. ನನಗೆ ಇದು ತವರುಮನೆ. ಅರ್ಧದಷ್ಟು ದೂರ ಹೋದ ಮೇಲೆ ಅದು ನಿಂತಿತು. ಇನ್ನೂ ಸ್ವಲ್ಪ ದೂರ ಕೇಳಿದೆ, ಮತ್ತೆ ಬರಲಿಲ್ಲ. ಪಿಯಾನೋ ಒಂದೇ ಉಳಿಯಿತು.

ಇನ್ನೇನು, ಎದ್ದು ಹೋದರು. ಈ ಮುದುಕರಿಗೆ ಏನೆಂದು ಹೇಳುವುದು? ಆದರೆ ಆರೋಪಿ ಒಪ್ಪಿಕೊಂಡ ಮಾತ್ರಕ್ಕೆ ತನಿಖೆ ಮುಗಿಸುವುದು ನನ್ನ ಅಭ್ಯಾಸವಲ್ಲ. ಕುರ್ಚಿಯನ್ನು ನೆಲದ ಮೇಲೆ ಬಿಡಿಸಿಟ್ಟೆ.

“ಇದರಲ್ಲಿ ಕೂರಿ” ಎಂದೆ ಅವರಿಗೆ.

“ನಾನೇ?”

“ನಿಮ್ಮ ಮೈಕಟ್ಟು ಅವರ ಹಾಗೇ ಇರಬಹುದಲ್ಲ. ಒರಗಿ. ಈಗ ಮುಂದೆ ಬಾಗಿ. ಮತ್ತೆ ಒರಗಿ. ಈಗ ಏಳಿ.”

ಯುರೋಪನ್ನು ಬೆಚ್ಚಿಬೀಳಿಸಿದವರು ನಮ್ಮ ಊಟದ ಕೋಣೆಯಲ್ಲಿ ನನ್ನ ಮಾತಿಗೆ ಒರಗಿದರು, ಬಾಗಿದರು, ಎದ್ದರು, ಮತ್ತೆ ಕೂತರು. “ಪಾಪ, ವಯಸ್ಸಾದವರು ರೀ, ಬಸ್ಕಿ ಹೊಡೆಸಬೇಡಿ” ಎಂದಳು ಸುಮಿತ್ರಾ.

ಆದರೆ ಕುರ್ಚಿ ಬಾಯಿಬಿಟ್ಟಿತ್ತು. ಒರಗಿದರೆ ದಪ್ಪಗೆ ಗೊರ್ ಎನ್ನುತ್ತದೆ. ಮುಂದೆ ಬಾಗಿದರೆ ತೆಳ್ಳಗೆ ಕೀ ಎನ್ನುತ್ತದೆ. ಎದ್ದರೆ ಎರಡೂ ಅಲ್ಲ. ಮೊದಲು ಕೀಲು, ಆಮೇಲೆ ಹಗುರವಾದ ಹಲಗೆ ಮೇಲಕ್ಕೆ ಬಡಿದು, ಕಿರ್-ಟಪ್ ಎಂದು ಜೋಡಿ ಶಬ್ದ. ಯಾರು ಎದ್ದರೂ ಅದನ್ನು ತಪ್ಪಿಸಲಾಗದು. ನಾನು ಎದ್ದು ನೋಡಿದೆ, ಸುಮಿತ್ರಾ ಎದ್ದು ನೋಡಿದಳು.

ಟೇಪನ್ನು ಮತ್ತೆ ಹಾಕಿದೆ. ಮೊದಲರ್ಧದಲ್ಲಿ ಗೊರ್, ಕೀ, ಗೊರ್, ಕೀ. ಮನುಷ್ಯನಿಗೆ ನೆಮ್ಮದಿಯಿಲ್ಲ. ತಾನು ಬೆಳಿಗ್ಗೆಯೆಲ್ಲ ಕೂಡಿಸಿದ ಶ್ರುತಿಯ ಮೇಲೆ ಮಗನ ಮುಷ್ಟಿ ಬೀಳುತ್ತಿರುವಾಗ ಯಾವ ಕಸುಬಿನವನಿಗೆ ನೆಮ್ಮದಿ? ಆಮೇಲೆ ಒಂದು ಕಡೆ, ಪಿಯಾನೋ ಇದ್ದಕ್ಕಿದ್ದಂತೆ ಮೆತ್ತಗಾಗಿ ಒಂದೇ ಒಂದು ಸ್ವರ ಹಿಡಿದ ಕಡೆ, ಕೀ ಎಂದಿತು. ಅಷ್ಟೆ. ಗೊರ್ ಬರಲಿಲ್ಲ. ಕಿರ್-ಟಪ್ ಕೂಡ ಬರಲಿಲ್ಲ.

“ಎದ್ದಿಲ್ಲ” ಎಂದೆ.

“ಏನು?”

“ಅಲ್ಲಿ ಎದ್ದಿಲ್ಲ. ಮುಂದೆ ಬಾಗಿದ್ದಾರೆ. ಬಾಗಿದವರು ಅಲುಗಾಡಿಲ್ಲ, ಅದಕ್ಕೇ ಶಬ್ದವಿಲ್ಲ.”

“ನನ್ನನ್ನು ಸಮಾಧಾನ ಮಾಡಬೇಡಿ, ಹೆರ್ ಇಂಜಿನಿಯರ್.”

“ಸಮಾಧಾನ ಮಾಡುವ ಇಲಾಖೆ ನನ್ನದಲ್ಲ” ಎಂದು ಟೇಪನ್ನು ಕೊನೆಗೆ ಓಡಿಸಿದೆ. ಕೊನೆಯ ಸ್ವರ ಬಿತ್ತು. ಅದು ಆರುತ್ತ ಆರುತ್ತ ಹೋಗುವಾಗ, ಚಪ್ಪಾಳೆಗೆ ಇನ್ನೂ ಸಮಯವಿರುವಾಗ, ಪಿಯಾನೋದ ಪಕ್ಕದಿಂದಲೇ ಕಿರ್-ಟಪ್. ಅದರ ಹಿಂದೆಯೇ ಲೋಹದ ಒಂದು ಚಿಕ್ಕ ಕ್ಲಿಕ್. ಅದು ಏನೆಂದು ನನಗೆ ತಿಳಿಯಲಿಲ್ಲ.

ಹೆಡ್‌ಫೋನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಹಾಕಿಕೊಂಡರು. ನಾನು ಆ ಕೊನೆಯ ಭಾಗವನ್ನು ಹಾಕಿದೆ. ಅವರ ಬೆರಳುಗಳು ಮಂಡಿಯ ಮೇಲೆ ಕೊನೆಯ ಸ್ವರವನ್ನು ಒತ್ತಿ ಹಿಡಿದಿದ್ದವು. ಆಮೇಲೆ ಅವರು ಕಣ್ಣು ಮುಚ್ಚಿದರು.

“ಚೀಲದ ಕೊಂಡಿ. ಅಪ್ಪನ ಚೀಲದ್ದು” ಎಂದರು.

ಕ್ಲಿಕ್ಕಿಗೆ ನಾನು ಜವಾಬ್ದಾರ, ಅಪ್ಪನಿಗೆ ಅವರು. ಸುಮಿತ್ರಾ ಅವರ ಮುಂದೆ ಒಂದು ಲೋಟ ಸಾರು ತಂದಿಟ್ಟಳು. ಈ ಸಲ ಕುಡಿದರು.

“ಚಪ್ಪಾಳೆಗೂ ಕಾಯಲಿಲ್ಲ” ಎಂದರು ಲೋಟ ಕೆಳಗಿಟ್ಟು.

“ಟ್ರಾಮ್ ತಪ್ಪುತ್ತದೆ ಎಂದಿರಬೇಕು. ಜನ ನುಗ್ಗುವ ಮೊದಲು.”

ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೂಡಲೇ ಹುಬ್ಬು ಗಂಟಿಕ್ಕಿತು. “ಕುರ್ಚಿಯ ಶಬ್ದ ನಿಂತ ಆ ಜಾಗದಲ್ಲಿ ಮೇಲಿನ ಸ್ವರದ ತಂತಿ ಇಳಿದಿತ್ತು. ನನಗೆ ನೆನಪಿದೆ. ಅಪ್ಪ ಬಾಗಿದ್ದು ಸಂಗೀತ ಕೇಳಲಿಕ್ಕೋ, ಯಾವ ತಂತಿ ಇಳಿದಿದೆ ಎಂದು ಕೇಳಲಿಕ್ಕೋ?”

“ಅದನ್ನು ಕುರ್ಚಿ ಹೇಳುವುದಿಲ್ಲ” ಎಂದೆ.

“ತಂತಿಗಾದರೆ ಅಷ್ಟು ಹೊತ್ತು ಬೇಕಿರಲಿಲ್ಲ” ಎಂದು ಅವರೇ ಲೆಕ್ಕ ಹಾಕಿಕೊಂಡರು. ಮತ್ತೆ, “ಅವನಾದರೆ ಬೇಕಾಗಿದ್ದರೂ ಇರಬಹುದು” ಎಂದರು. ಮೆಟ್ಟಿಲು ಹತ್ತುವಾಗಲೂ ಇದೇ ವಾದ ಅವರೊಳಗೇ ನಡೆಯುತ್ತಿತ್ತು. ಮೇಲಿನ ಬಾಗಿಲು ಮುಚ್ಚುವವರೆಗೆ ನಮಗೆ ಕೇಳಿಸಿತು.

ಸೋಮವಾರ ಅವರು ಕಂಪನಿಗೆ ಫೋನ್ ಮಾಡಿ, ಶಬ್ದ ಇರಬೇಕು ಎಂದರು. ತಂತ್ರಜ್ಞರ ಅಭಿಪ್ರಾಯವೇನಾದರೂ ಇದೆಯೇ ಎಂದು ಕಂಪನಿಯವರು ಕೇಳಿದಾಗ ಫೋನನ್ನು ನನ್ನ ಕೈಗೆ ಕೊಟ್ಟರು. ನನ್ನ ವೃತ್ತಿಜೀವನದಲ್ಲಿ ಒಂದು ಕಿರಕಿರವನ್ನು ಜೀವಸಹಿತ ಬಿಡಿ ಎಂದು ಶಿಫಾರಸು ಮಾಡಿದ್ದು ಅದೊಂದೇ ಸಲ. ಆ ಕಡೆಯ ಯುವಕ ಬಹಳ ಸಂಶಯದಿಂದ, “ಖಚಿತವೇ?” ಎಂದು ಕೇಳಿದ.

ಆಮೇಲಿನ ಕಛೇರಿಗೆ ನಾವು ಹೊತ್ತಿಗೆ ಮುಂಚೆಯೇ ಹೋದೆವು. ಪಿಯಾನೋ ಪಕ್ಕದಲ್ಲಿ ಕುರ್ಚಿ ಇರಲಿಲ್ಲ. ಶೂನ್ಯವೂ ಈಗ ತೆರವಾಗಿದೆ, ಕಲಾವಿದರು ಅನುಪಸ್ಥಿತಿಯನ್ನೂ ಮೀರಿದ್ದಾರೆ ಎಂದು ಪತ್ರಿಕೆ ಬರೆಯಿತು. ಮರುದಿನ ಅವರು ಕುರ್ಚಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

“ಇದನ್ನು ನೀವಿಟ್ಟುಕೊಳ್ಳಿ. ಇಷ್ಟು ವರ್ಷ ಇದನ್ನು ಖಾಲಿ ಕುರ್ಚಿ ಎಂದು ತೋರಿಸಿದೆ. ಅದು ಖಾಲಿ ಇರಲಿಲ್ಲ. ಇನ್ನೂ ತೋರಿಸಿದರೆ ಸುಳ್ಳು ಹೇಳಿದ ಹಾಗೆ.”

“ಪತ್ರಿಕೆಯವರಿಗೆ ಹೇಳಿಬಿಡಿ ಮತ್ತೆ.”

“ಯಾಕೆ? ಅವರು ನಂಬಿಬಿಡುತ್ತಾರೆ” ಎಂದರು. ನಂಬುವವರ ಬಗ್ಗೆ ಅವರಿಗೆ ಕೊನೆಯವರೆಗೂ ಒಳ್ಳೆಯ ಅಭಿಪ್ರಾಯ ಬರಲಿಲ್ಲ.

ಅವರ ಸಂಗೀತ ನನಗೆ ಅರ್ಥವಾಯಿತು ಎಂದು ಇಲ್ಲಿ ಬರೆದರೆ ಅವರೇ ಅನುಮಾನಿಸುತ್ತಿದ್ದರು. ಅರ್ಥವಾಗಿಲ್ಲ. ಅವರ ರೆಕಾರ್ಡುಗಳು ಈಗ ನಮ್ಮ ಕಪಾಟಿನಲ್ಲಿವೆ. ಹಾಕಿದಾಗಲೆಲ್ಲ ಯಾರೋ ಪಿಯಾನೋ ಇಳಿಸುತ್ತಿರುವಂತೆಯೇ ಕೇಳುತ್ತದೆ. ವ್ಯತ್ಯಾಸವೆಂದರೆ ಈಗ ಸಹಾಯಕ್ಕೆ ಏಳುವುದಿಲ್ಲ, ಕೂತು ಕೇಳುತ್ತೇನೆ. ಕುರ್ಚಿ ನಮ್ಮ ಊಟದ ಮೇಜಿಗೆ ಸೇರಿಕೊಂಡಿದೆ. “ಊರಿನ ಶಬ್ದವೆಲ್ಲ ಅಡಗಿಸ್ತೀರಿ, ಇದಕ್ಕೆ ಎರಡು ಹನಿ ಎಣ್ಣೆ ಬಿಡೋಕಾಗಲ್ವಾ?” ಎಂದು ಸುಮಿತ್ರಾ ಆಗಾಗ ಕೇಳುತ್ತಾಳೆ, ಆದರೆ ಎಣ್ಣೆಯ ಡಬ್ಬಿ ಎಲ್ಲಿದೆ ಎಂದು ಗೊತ್ತಿದ್ದೂ ಅವಳೂ ಬಿಟ್ಟಿಲ್ಲ.

ಆ ಬೆಳಿಗ್ಗೆ ನಾನು ಅದರಲ್ಲೇ ಕೂತಿದ್ದೆ. ವಿಮರ್ಶಕರು ಶೂನ್ಯವನ್ನು ಮುಗಿಸಿದ ಮೇಲೆ, ರೇಡಿಯೋದವರು ದಿವಂಗತರ ಗೌರವಾರ್ಥ ಆ ಮೊದಲ ರೆಕಾರ್ಡಿನ ಕೊನೆಯ ಭಾಗ ಹಾಕಿದರು. ಹೊಸ ಮುದ್ರಣವೇ. ಸುಮಿತ್ರಾ ಕೈಸನ್ನೆಯಲ್ಲೇ ನನ್ನನ್ನು ಸುಮ್ಮನಿರಿಸಿದಳು. ನಾನು ಮುಂದೆ ಬಾಗಿದೆ. ಕೊನೆಯ ಸ್ವರ ಬಿತ್ತು, ಆರತೊಡಗಿತು. ಇನ್ನೇನು ಬಂತು ಎನ್ನುವಷ್ಟರಲ್ಲಿ ರೇಡಿಯೋದವರು ಧ್ವನಿ ಇಳಿಸಿ, ಟ್ರಾಫಿಕ್ ಸಮಾಚಾರ ಶುರುಮಾಡಿದರು.

“ಅಯ್ಯೋ, ಅವರಪ್ಪ ಎದ್ದದ್ದು ಕೇಳಿಸಲೇ ಇಲ್ಲವಲ್ಲ ರೀ!” ಎಂದಳು ಸುಮಿತ್ರಾ.

ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತಂತೆ. ನಾನು ರೇಡಿಯೋ ಆರಿಸಿದೆ. ಆಫೀಸಿಗೆ ಹೊತ್ತಾಗಿತ್ತು. ಚೀಲ ಕಾಲ ಬಳಿ ಇತ್ತು. ಮೇಲಿನ ಮನೆಯ ಕಡೆ ಒಮ್ಮೆ ನೋಡಿ, ಎದ್ದೆ.

ಕಿರ್-ಟಪ್.